ಹನ್ನೆರಡನೆಯ ಚೌಕದ ಕೆಳಗಿನ ಗೆರೆ

"ಶಾಂತ ಸ್ವಭಾವದವರು ಅಂತ ಸುರು ಮಾಡ್ರಿ. ಮುಂದ ನಾಕು ಚೊಲೊ ಮಾತು ಹಾಕ್ರಿ," ಎಂದರು ನಮ್ಮ ಹೆಡ್‌ಮಾಸ್ತರು.

ನನ್ನ ಡ್ರಾಯಿಂಗ್ ಮಾಸ್ತರು ರಾಮದುರ್ಗದಲ್ಲಿ ತೀರಿಕೊಂಡ ಸುದ್ದಿ ಬಂದು ಎರಡು ದಿನವಾಗಿತ್ತು. ಶನಿವಾರ ಶಾಲೆಯಲ್ಲಿ ಶೋಕಸಭೆ. ಅಲ್ಲಿ ಓದಲಿಕ್ಕೆ ಅರ್ಧ ಪುಟ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ಅವರ ಶಿಷ್ಯ ನಾನು; ಅವರು ಬಿಟ್ಟುಹೋದ ಕುರ್ಚಿಯಲ್ಲಿ ಈಗ ಕೂತಿರುವವನೂ ನಾನೇ.

ಶಾಂತ ಸ್ವಭಾವವಂತೆ! ಸುಡುಗಾಡು! ಅವರಷ್ಟು ಸಿಟ್ಟಿನ ಮನುಷ್ಯನನ್ನು ಬೈಲಹೊಂಗಲದಲ್ಲಿ ನಾನು ಇನ್ನೊಬ್ಬನನ್ನು ನೋಡಿಲ್ಲ. ವರ್ಗದೊಳಗೆ ಮೊದಲು ಡಸ್ಟರ್ ಹಾರಿ ಬರುತ್ತಿತ್ತು, ಆಮೇಲೆ ಅವರು. ಗುರಿ ಮಾತ್ರ ಅಷ್ಟಕ್ಕಷ್ಟೇ, ಯಾರಿಗೂ ತಗುಲಿದ್ದು ನೆನಪಿಲ್ಲ. "ಏ ಖೋಡಿ, ನೋಡಲಾರದನ ತಗದೀಯಲ್ಲೋ! ಕಣ್ಣಿಗೆ ಸೂಟಿ ಕೊಟ್ಟೀಯೇನು?" ಎಂದು ಒದರಿದರೆ ಹೊರಗೆ ಅಂಗಳದಲ್ಲಿ ಕವಾಯತು ಮಾಡುವ ಹುಡುಗರು ಕೂಡ ನಿಂತುಬಿಡುತ್ತಿದ್ದರು. ಇಂಥವರನ್ನು ಶಾಂತ ಸ್ವಭಾವದವರೆಂದು ಬರೆದುಕೊಡಬೇಕಂತೆ ನಾನು. ಅರ್ಧ ಪುಟ ಹೆಡ್‌ಮಾಸ್ತರಿಗೆ ಕೊಟ್ಟೆ, ಹೇಗೋ ಗೀಚಿ. ಇದು ಬೇರೆ. ಇದನ್ನು ಯಾರೂ ಕೇಳಿಲ್ಲ.

ನನ್ನ ಮಾಸ್ತರು ದೇಗಾಂವದ ಪೂಜಾರಿಕೆಯ ಮನೆತನದವರು. ಮನೆಯವರು ಮಂತ್ರ ಕಲಿ ಎಂದು ಗುಡಿಗೆ ಕಳಿಸಿದರೆ ಇವರು ಅಲ್ಲಿನ ಕಂಬಗಳ ಮುಂದೆ ಕೂತು ಇದ್ದಲಿನಿಂದ ನೆಲದ ಮೇಲೆ ಗೀಚುತ್ತಿದ್ದರಂತೆ. ಹದಿನೆಂಟಕ್ಕೆ ಓಡಿಹೋದರು, ಕೊಲ್ಲಾಪುರಕ್ಕೆ. ಅಲ್ಲಿ ಸಿನೆಮಾದವರ ಕೈಕೆಳಗೆ ನಾಲ್ಕೈದು ವರ್ಷ ಪಡದೆ ಬಣ್ಣ ಬಳಿದು, ಯಾರೊಡನೆಯೋ ಜಗಳಾಡಿ ತಿರುಗಿ ಬಂದು, ನಮ್ಮ ಹೈಸ್ಕೂಲಿಗೆ ಸೇರಿದರು. ಖಾದಿ ಅಂಗಿ, ಪಾಯಿಜಾಮ, ಕಿವಿಯ ಹಿಂದೆ ಒಂದು ತುದಿ ಕೆಂಪು ಇನ್ನೊಂದು ತುದಿ ನೀಲಿ ಇರುವ ಪೆನ್ಸಿಲು. ಸಂತೆಯಲ್ಲಿ ನಡೆಯುತ್ತಿರುವಾಗ ಗಕ್ಕನೆ ನಿಂತು ಎರಡೂ ಕೈಯ ಬೆರಳು ಜೋಡಿಸಿ ಒಂದು ಚೌಕ ಮಾಡಿ, ಅದರೊಳಗಿಂದ ಜನರನ್ನು ನೋಡುವುದು ಅವರ ಚಾಳಿ. ಒಮ್ಮೆ ಕಾಯಿಪಲ್ಯೆ ಮಾರುವ ಮುದುಕಿ ರೇಗಿದಳು.

"ಏನ್ ನೋಡತೀರಿ ಮಾಸ್ತರ? ಬದನಿಕಾಯಿ ಬೇಕಾದ್ರ ತಗೋರಿ, ಇಲ್ಲಂದ್ರ ಮುಂದ ನಡೀರಿ."

"ಬದನಿಕಾಯಿ ಯಾರಿಗೆ ಬೇಕಬೇ? ನೀ ತಕ್ಕಡಿ ಹಿಡಿಯೂ ಕೈ ನೋಡ್ಲಿಕ್ಹತ್ತೇನಿ. ಸುಮ್ಮನ ಹಿಡಿ ನೋಡೂಣ."

ಅವಳು ಹಿಡಿದಳು. ಹತ್ತು ನಿಮಿಷ ಗಿರಾಕಿಗಳನ್ನೆಲ್ಲ ನಿಲ್ಲಿಸಿ ತಕ್ಕಡಿ ಹಿಡಿದುಕೊಂಡು ಕೂತಳು ಆ ಮುದುಕಿ, ಇವರು ತೆಗೆದು ಮುಗಿಸುವವರೆಗೆ. ಅವರ ಸಿಟ್ಟಿನಲ್ಲಿ ಅಂಥದೇನೋ ಇತ್ತು; ಬೈಸಿಕೊಂಡವರು ಮುನಿಸಿಕೊಳ್ಳುತ್ತಿರಲಿಲ್ಲ. ಮುನಿಸಿಕೊಳ್ಳುತ್ತಿದ್ದವರು ಮೇಲಿನವರು ಮಾತ್ರ.

ಒಮ್ಮೆ ತಪಾಸಣೆಗೆ ಬಂದ ಸಾಹೇಬರು ನಮಗೆ ಮಾವಿನಹಣ್ಣು ತೆಗೆಯಲು ಹೇಳಿದರು. ಮಾಸ್ತರು ಅತ್ತಿತ್ತ ನೋಡಿ, "ಎಲ್ಲಿ ಅದರೀ ಮಾವಿನಹಣ್ಣು? ನನಗ ಒಂದೂ ಕಾಣವಲ್ದು," ಎಂದರು. "ಕಲ್ಪನಾ ಮಾಡ್ಕೊಂಡು ತಗೀಲಿ," ಎಂದರು ಸಾಹೇಬರು. "ಹಂಗಾರ ನೀವೂ ಮಾರ್ಕ್ಸ್ ಕಲ್ಪನಾದಾಗನ ಕೊಟ್ಟು ಹೋಗ್ರಿ." ಆ ಮಾತಿಗೆ ಬಂದ ಷರಾದಿಂದ ಅವರ ನೌಕರಿ ಕಾಯಂ ಆಗುವುದು ನಿಂತಿತು. ನಾನು ಮ್ಯಾಟ್ರಿಕ್ಕಿಗೆ ಬರುವ ಹೊತ್ತಿಗೆ ಒಂಬತ್ತು ವರ್ಷದಿಂದ ಅವರು ಹಂಗಾಮಿ ಮಾಸ್ತರು. ಹೆಂಡತಿ, ಎರಡು ಹೆಣ್ಣುಮಕ್ಕಳು, ಬಾಡಿಗೆ ಮನೆ.

ನನ್ನ ಬಗ್ಗೆ ಅವರಿಗೆ ಮೊದಲಿನಿಂದಲೂ ಒಂದು ಅನುಮಾನವಿತ್ತು. ನಮ್ಮನ್ನೆಲ್ಲ ಕಿತ್ತೂರಿಗೆ ಕರೆದುಕೊಂಡು ಹೋಗಿ ಕೋಟೆಯ ಮುಂದೆ ಕೂಡಿಸಿದ್ದರು. ನಾವು ಹುಡುಗರು, ಒಬ್ಬರಿಗಿಂತ ಒಬ್ಬರು ಶಾಣ್ಯಾರು, ಬಿದ್ದ ಗೋಡೆಗಳನ್ನೆಲ್ಲ ಎತ್ತಿ ನಿಲ್ಲಿಸಿ, ಬುರುಜು ಕಟ್ಟಿ, ಮೇಲೆ ನಿಶಾನೆ ಹಾರಿಸಿ ತೆಗೆದೆವು. ಎಲ್ಲರಿಗಿಂತ ಚೊಕ್ಕ ನನ್ನದು. ಅವರು ಮೊದಲು ಹರಿದದ್ದೂ ನನ್ನದೇ.

"ಇದು ಕ್ಯಾಲೆಂಡರ್! ಎದುರಿಗೆ ಗ್ವಾಡಿ ಬಿದ್ದದ, ಅದರ ಮ್ಯಾಲ ಆಡು ಮೇಯ್ಲಿಕ್ಹತ್ಯಾವ, ಕಾಣೂದಿಲ್ಲೇನು? ಬಿದ್ದದ್ದನ್ನ ಬಿದ್ದಂಗ ತಗೀರಿ!" ಎಂದು ಒದರಿ, ಆಮೇಲೆ ನನ್ನ ಪಕ್ಕದಲ್ಲಿ ಕೂತು ದನಿ ಇಳಿಸಿದರು. "ನಿನ್ನ ಕೈ ಭಾಳ ಚೊಲೊ ಅದ. ಅದಕ್ಕ ನನಗ ಅಂಜಿಕಿ. ಚಂದ ಕಾಣಲಿ ಅಂತ ನೀ ಏನರೆ ಬಿಟ್ಟುಬಿಡತಿ."

ನನಗೆ ಅವತ್ತು ಎಲ್ಲಿಲ್ಲದ ಸಿಟ್ಟು ಬಂದಿತ್ತು. ಚೊಕ್ಕ ತೆಗೆಯುವುದು ತಪ್ಪೆಂದರೆ ಡ್ರಾಯಿಂಗ್ ಕಲಿಯುವುದಾದರೂ ಯಾಕೆ ಎಂದು ಬಸ್ಸಿನಲ್ಲಿ ಬರುವಾಗ ಮುಖ ಊದಿಸಿಕೊಂಡು ಕೂತಿದ್ದೆ.

ಅದು ನಮ್ಮ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟ ವರ್ಷ. ವಾರ್ಷಿಕೋತ್ಸವದ ಗ್ಯಾದರಿಂಗು ಈ ಸಲ ಜೋರಾಗಬೇಕು, ಬೆಳಗಾವಿಯಿಂದ ದೊಡ್ಡ ಮಂದಿ ಬರುತ್ತಾರೆ ಎಂದು ಶಾಲೆಯ ಚೇರಮನ್ನರು ಹುಕುಂ ಕೊಟ್ಟಿದ್ದರು. ಫೋಟೋ ಸ್ಟುಡಿಯೋದ ಇಮಾಮಸಾಬರ ತಮ್ಮ ಮುಂಬೈಯಲ್ಲಿ ಹಡಗಿನ ಮೇಲೆ ಕೆಲಸಕ್ಕಿದ್ದ. ಅವನು ಅಣ್ಣನಿಗೆಂದು ಒಂದು ಪುಟ್ಟ ಸಿನೆಮಾ ಕ್ಯಾಮರಾ ತಂದುಕೊಟ್ಟಿದ್ದ. ಕೀಲಿ ಕೊಟ್ಟು ನಡೆಸುವಂಥದು, ದನಿ ಹಿಡಿಯುವುದಿಲ್ಲ, ಚಿತ್ರ ಮಾತ್ರ. ಅದಕ್ಕೆ ರೀಲು ಒಂದೇ ಒಂದು ಇತ್ತು, ಇನ್ನೊಂದು ಬೇಕೆಂದರೆ ಎಲ್ಲೂ ಸಿಗುತ್ತಿರಲಿಲ್ಲ. ಈ ಕ್ಯಾಮರಾ ನೋಡಿದ್ದೇ ತಡ, ನಮ್ಮ ವರ್ಗದವರೆಲ್ಲ ಸೇರಿ ಒಂದು ಹಾಡಿನ ಸಿನೆಮಾ ಮಾಡಬೇಕೆಂದು ಮಾಸ್ತರ ಬೆನ್ನು ಹತ್ತಿದೆವು. ಪಡದೆಯ ಮೇಲೆ ಚಿತ್ರ, ಪಕ್ಕದಲ್ಲಿ ಕೂತು ಹಾಡುವುದು. ಗಿಡದ ಸುತ್ತ ಓಡುವ ಹಾಡು ಮಾಡೋಣ ಎಂದ ಒಬ್ಬ. "ಆ ಗಿಡಾ ಏನು ತಪ್ಪು ಮಾಡೇದ?" ಎಂದರು ಮಾಸ್ತರು.

ಹಾಡು ಅವರೇ ಆರಿಸಿದರು. ಸಂಗೊಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಗಂಗವ್ವ ಎನ್ನುವ ಹುಡುಗಿ ನಮ್ಮ ವರ್ಗದಲ್ಲಿದ್ದಳು. ಎತ್ತರದ, ಕಪ್ಪನೆಯ ಹುಡುಗಿ. ಮನೆಯವರೆಲ್ಲ ಕೂಲಿಗೆ ಹೋಗುವವರು. ಅವಳ ಆಯಿ, ಅಂದರೆ ಅಜ್ಜಿ, ಬೀಸುಕಲ್ಲಿನ ಮುಂದೆ ಕೂತು ತಾನೇ ಕಟ್ಟಿದ್ದ ಒಂದು ಹಾಡನ್ನು ಇವಳು ಹಾಡುತ್ತಿದ್ದಳು. ತವರಿನ ಹಾಡಲ್ಲ, ದೇವರ ಹಾಡೂ ಅಲ್ಲ. ಬೀಸುಕಲ್ಲಿನ ಜೊತೆ ಜಗಳದ ಹಾಡು: ಎಷ್ಟು ಹಾಕಿದರೂ ಇನ್ನೂ ಬಾಯಿ ತೆರೆಯುತ್ತೀಯಲ್ಲ, ನಿನ್ನ ಹೊಟ್ಟೆ ತುಂಬಿಸುತ್ತ ನನ್ನ ಹೊಟ್ಟೆ ಬೆನ್ನಿಗೆ ಹತ್ತಿತಲ್ಲ ಎಂದು ಬೈಯುವುದು. ಸಿಟ್ಟಿನ ಹಾಡು. ಮಾಸ್ತರು ಅದನ್ನು ಕೇಳಿ, "ಇದ ಬೇಕು," ಎಂದುಬಿಟ್ಟರು.

ಮರುದಿನದಿಂದ ಚೌಕಗಳು ಸುರುವಾದವು. ಕೊಲ್ಲಾಪುರದಲ್ಲಿ ಸಿನೆಮಾ ತೆಗೆಯುವ ಮುಂಚೆ ಒಬ್ಬ ಕಲಾವಿದ ಎಲ್ಲವನ್ನೂ ಕಾಗದದ ಮೇಲೆ ಚೌಕ ಚೌಕವಾಗಿ ಬರೆಯುವುದನ್ನು ಅವರು ನೋಡಿದ್ದರಂತೆ. ಹಳೆಯ ಉತ್ತರಪತ್ರಿಕೆಗಳ ಹಿಂಬದಿಗೆ ನೀಲಿ ತುದಿಯಿಂದ ಗೆರೆ ಎಳೆದು, ಹಾಡಿನ ಒಂದೊಂದು ತುಂಡಿಗೆ ಒಂದೊಂದು ಚಿತ್ರ. ಒಟ್ಟು ಇಪ್ಪತ್ತನಾಲ್ಕು. ಮೊದಲ ಚೌಕದಲ್ಲಿ ಬರೀ ಒಂದು ಕೈ, ಮೊರದಿಂದ ಜೋಳ ಬಾಚುವುದು. ಎರಡನೆಯದರಲ್ಲಿ ಕಲ್ಲಿನ ಬಾಯಿ. ಮೂರನೆಯದರಲ್ಲಿ ಮೊಣಕೈವರೆಗೆ ಏರಿಸಿದ ಬಳೆ. ಮುಖ ಬರುವುದು ಐದನೆಯ ಚೌಕಕ್ಕೆ, ಅದೂ ಕೆಳಗಿನಿಂದ, ಕಲ್ಲು ಮೇಲೆ ನೋಡಿದರೆ ಹೇಗೆ ಕಾಣುತ್ತದೋ ಹಾಗೆ. ನನಗೆ ಆ ಕಾಗದಗಳನ್ನು ನೋಡಿಯೇ ಮೈ ಜುಮ್ಮೆಂದಿತ್ತು.

ಪ್ರತಿ ಚೌಕದ ಕೆಳಗೆ ಕೆಂಪು ತುದಿಯಿಂದ ಲೆಕ್ಕ ಬರೆದಿದ್ದರು: ಮೂರು ಸುತ್ತು, ಐದು ಸುತ್ತು. ಬೀಸುಕಲ್ಲಿನ ಸುತ್ತು. ಗಡಿಯಾರದ ಲೆಕ್ಕ ಅವರಿಗೆ ಬೇಡವಾಗಿತ್ತು. ಗಂಗವ್ವ ಹಾಡುವುದೇ ಕಲ್ಲಿನ ಸುತ್ತಿಗೆ. ಒಂದು ಸಾಲಿಗೆ ಇಷ್ಟೇ ಸುತ್ತು, ಹೆಚ್ಚಿಲ್ಲ ಕಡಿಮೆಯಿಲ್ಲ. ಹಾಗೆ ತೆಗೆದರೆ ನಾಳೆ ಪಡದೆಯ ಪಕ್ಕದಲ್ಲಿ ಕೂತು ಹಾಡಿದಾಗ ಚಿತ್ರ ಮತ್ತು ದನಿ ಕೂಡಿ ಬರುತ್ತವೆ. ಒಂದು ಕೀಲಿಗೆ ಕ್ಯಾಮರಾ ಎಂಟು ಸುತ್ತು ಓಡುತ್ತದೆ ಎಂಬುದನ್ನೂ ಖಾಲಿ ಕ್ಯಾಮರಾ ಓಡಿಸಿ, ಗಂಗವ್ವನನ್ನು ಕೂಡಿಸಿ ಎಣಿಸಿದ್ದರು.

ಸಂಗೊಳ್ಳಿಯ ಅವಳ ಮನೆಯ ಅಂಗಳಕ್ಕೆ ಬೀಸುಕಲ್ಲನ್ನು ನಾಲ್ಕು ಜನ ಹೊತ್ತು ತಂದೆವು, ಒಳಗೆ ಬೆಳಕು ಸಾಲದು ಎಂದು. ಒಂದು ರವಿವಾರ ಹನ್ನೆರಡು ಚೌಕ ಮುಗಿದವು. ಆ ರೀಲಿನ ವಿಚಾರ ಇಲ್ಲಿ ಹೇಳಲೇಬೇಕು. ಅದರಲ್ಲಿ ಒಂದು ಮಗ್ಗುಲಿಗೆ ಹನ್ನೆರಡು ಚೌಕ ಹಿಡಿಸುತ್ತಿತ್ತು. ಆಮೇಲೆ ಬಿಚ್ಚಿ, ಮಗುಚಿ ಹಾಕಿದರೆ ಇನ್ನೊಂದು ಮಗ್ಗುಲಿಗೆ ಇನ್ನು ಹನ್ನೆರಡು. ಆದರೆ ಯಾವ ಮಗ್ಗುಲು ತುಂಬಿದೆ, ಯಾವುದು ಖಾಲಿ ಎಂದು ನೋಡಿ ಹೇಳಲು ಬರುವುದಿಲ್ಲ. ನಾವು ಕಲ್ಲನ್ನು ತಿರುಗಿ ಒಳಗೆ ಹೊರುತ್ತಿದ್ದಾಗ ಮಾಸ್ತರು ಅಂಗಳದಲ್ಲೇ, ಬೆಳಕು ತಾಗದಂತೆ ಕಂಬಳಿಯೊಳಗೆ ಕೈ ಹಾಕಿ ರೀಲನ್ನು ಮಗುಚಿ, ಕ್ಯಾಮರಾ ಮುಚ್ಚಿ, ಹನ್ನೆರಡನೆಯ ಚೌಕದ ಕೆಳಗೆ ದಪ್ಪಗೆ ಒಂದು ಕೆಂಪು ಗೆರೆ ಎಳೆದರು. ಆ ಗೆರೆಗೆ ಅರ್ಥ, ರೀಲು ಮಗುಚಿ ಆಗಿದೆ ಎಂದು. ಅದನ್ನು ನಮಗೆ ಬಾಯಿಬಿಟ್ಟು ಹೇಳಲಿಲ್ಲ. ಕ್ಯಾಮರಾ ಮುಟ್ಟುವವರು ತಾವೊಬ್ಬರೇ, ಹೇಳುವುದೇನಿದೆ?

ಚೇರಮನ್ನರು ಡ್ರಾಯಿಂಗ್ ಕೋಣೆಗೆ ಬಂದದ್ದು ಮರುದಿನ. ಗೋಡೆಗೆ ಹಚ್ಚಿದ್ದ ಚೌಕಗಳನ್ನು ನೋಡಿದರು.

"ಯಾರಕಿ ಇಕಿ?"

"ಸಂಗೊಳ್ಳಿ ಹುಡುಗಿ. ಹಾಡಾಕಿ."

"ಹಾಡ್ಲಿ, ಬ್ಯಾಡ ಅಂದಾವರ್ಯಾರು? ಆದರ ಬೆಳಗಾವಿ ಮಂದಿ ನೋಡೂ ಸಿನೆಮಾದಾಗ ಕರೀ ಮಾರಿ, ಕೂಲಿಯಾರ ಹುಡುಗಿ… ನಮ್ಮ ಸಾಲಿ ಮರ್ಯಾದಿ ಏನ್ ಉಳೀತು? ಧ್ವನಿ ಆಕೀದು ಇರ್ಲಿ, ಮಾರಿ ನಮ್ಮ ಸುಜಾತಾಂದು ಇರ್ಲಿ." ಸುಜಾತಾ ಅವರ ಮಗಳು, ನಮಗಿಂತ ಒಂದು ವರ್ಷ ಕೆಳಗಿನ ವರ್ಗದಲ್ಲಿದ್ದಳು.

"ಧ್ವನಿ ಒಬ್ಬಾಕೀದು, ಮಾರಿ ಇನ್ನೊಬ್ಬಾಕೀದು?" ಮಾಸ್ತರ ಕಿವಿ ಕೆಂಪಾದವು. "ಹಂಗಾರ ಗ್ಯಾದರಿಂಗ್‌ದಾಗ ಭಾಷಣ ನಾ ಮಾಡತೇನಿ, ಹಾರ ನೀವು ಹಾಕ್ಕೋರಿ."

"ಮಾಸ್ತರ, ನಿಮ್ಮ ಕಾಯಂ ಕಾಗದ ನನ್ನ ಮೇಜಿನ ಮ್ಯಾಲ ಐತಿ. ಸಹಿ ಒಂದ ಬಾಕಿ. ಮನಸಿನ್ಯಾಗ ಇಟಗೋರಿ."

"ಅದನ್ನ ಹರದ ಒಗೀರಿ. ಈ ಚೌಕಾ ಬದಲಾಗೂದಿಲ್ಲ."

ಅಂದೇ ಎಂಟು ದಿನದ ರಜೆ ಬರೆದುಕೊಟ್ಟು ದೇಗಾಂವಕ್ಕೆ ಹೊರಟರು. ಹೋಗುವ ಮುಂಚೆ ನನ್ನನ್ನು ಕರೆದು ಕಪಾಟಿನ ಕೀಲಿಕೈ ಕೊಟ್ಟರು, ಕ್ಯಾಮರಾ ಅದರೊಳಗಿತ್ತು. "ನಾ ಇಲ್ಲೆ ಇದ್ರ ಯಾರಿಗರೆ ಹೊಡದುಬಿಡತೇನಿ. ತಲಿ ತಣ್ಣಗಾಗ್ಲಿ, ಬರತೇನಿ. ಇದು ನಿನ್ನ ಕಡೆ ಇರ್ಲಿ, ಯಾರಿಗೂ ಕೊಡಬ್ಯಾಡ."

ಮೂರನೆಯ ದಿನಕ್ಕೆ ಕೊಟ್ಟೆ. ಕೊಟ್ಟೆ ಎನ್ನುವುದೂ ಸುಳ್ಳು, ನಾನೇ ತೆರೆದೆ.

ಚೇರಮನ್ನರು ನನ್ನನ್ನು ಮನೆಗೆ ಕರೆಸಿದ್ದರು. ಕುರ್ಚಿ ಕೊಟ್ಟು ಕೂಡಿಸಿದರು. ಹತ್ತಿ ಗಿರಣಿಯಲ್ಲಿ ದುಡಿಯುವವನ ಮಗನಿಗೆ ಆ ಮನೆಯಲ್ಲಿ ಕುರ್ಚಿ! "ನಿನ್ನ ಕೈ ಮಾಸ್ತರನ ಕೈಕಿಂತ ಚೊಲೊ ಐತಿ ಅಂತ ಎಲ್ಲಾರೂ ಅಂತಾರ. ಧಾರವಾಡಕ್ಕ ಹೋಗಿ ಡ್ರಾಯಿಂಗ್ ಕಲೀಬೇಕಂತಿ? ಸೀಟು, ಹಾಸ್ಟೆಲ್ಲು ನಾ ನೋಡ್ಕೋತೇನಿ. ಈ ಚಿತ್ರಾ ಒಂದೀಟು ತಿದ್ದಿ ಕೊಡು. ಅರ್ಧಾ ರೀಲು ಉಳದೈತಲ್ಲ, ಅದರಾಗ ಸುಜಾತಾನ್ನ ತಗದು ಮುಗಸು. ಆ ಹುಡುಗೀದು ಅರ್ಧಾ ಕತ್ತರಿಸಿ ಒಗದರಾತು." ಹೂಂ ಎಂದೆ. ಕೊಂಚವೂ ತಡೆಯದೆ ಹೂಂ ಎಂದೆ. ಈಗ ಬರೆಯುವಾಗ ಕಪಾಳಕ್ಕೆ ಹೊಡೆದುಕೊಳ್ಳಬೇಕೆನಿಸುತ್ತದೆ.

ಇಪ್ಪತ್ತನಾಲ್ಕರಲ್ಲಿ ಮೊದಲಿನ ಹನ್ನೆರಡು ಚೌಕ ಆರಿಸಿ, ಅವರು ಕೊಟ್ಟ ಬಿಳಿ ಡ್ರಾಯಿಂಗ್ ಹಾಳೆಯ ಮೇಲೆ ಹೊಸದಾಗಿ ಬರೆದೆ. ಗಂಗವ್ವನ ಮುಖವಿದ್ದಲ್ಲಿ ಸುಜಾತಾಳ ಮುಖ. ಸುತ್ತಿನ ಲೆಕ್ಕ ಮುತ್ತಿನಂಥ ಅಕ್ಷರದಲ್ಲಿ ನಕಲು ಮಾಡಿದೆ. ಹನ್ನೆರಡರ ಕೆಳಗಿನ ಆ ಕೆಂಪು ಗೆರೆ ಮಾತ್ರ ಗಲೀಜಾಗಿ ಕಂಡಿತು. ಪೆನ್ಸಿಲು ಜಾರಿರಬೇಕು ಎಂದುಕೊಂಡು ಬಿಟ್ಟುಬಿಟ್ಟೆ.

ಚೇರಮನ್ನರ ಮನೆಯ ಕಟ್ಟೆಯ ಮೇಲೆ ತೆಗೆದೆ. ಬೀಸುಕಲ್ಲಿಗೆ ಅರಿಷಿಣ ಕುಂಕುಮ ಹಚ್ಚಿದ್ದರು. ಸುಜಾತಾ ಪಾಪ, ಕಲ್ಲಿನ ಗೂಟವನ್ನು ಪೆನ್ನು ಹಿಡಿದ ಹಾಗೆ ಹಿಡಿದಳು. ಜೋಳ ಹಾಕಿದರೆ ತಿರುಗಿಸಲಾಗದೆ ಖಾಲಿ ಕಲ್ಲು ತಿರುಗಿಸಿದಳು. ಸುರುಮಾಡುವ ಮುಂಚೆ ನಾನು ದೊಡ್ಡ ಬಲ್ಲವನಂತೆ ಚಾದರದೊಳಗೆ ಕೈ ಹಾಕಿ ಕ್ಯಾಮರಾ ತೆರೆದೆ. ಹನ್ನೆರಡು ಚೌಕ ಮುಗಿದಿವೆ, ಮಗುಚಿ ಹಾಕಬೇಕು ಎಂದು ನನಗೆ ಗೊತ್ತಿತ್ತು. ಮಗುಚಿ ಹಾಕಿದೆ. ಮಾಸ್ತರು ಮಗುಚಿದ್ದನ್ನೇ ತಿರುಗಿ ಮಗುಚಿ, ಗಂಗವ್ವನ ಮೇಲೆ ಸುಜಾತಾಳನ್ನು ತೆಗೆದೆ.

ಮಾಸ್ತರು ರಜೆ ಮುಗಿಸಿ ಬರುವ ಹೊತ್ತಿಗೆ ರೀಲು ತೊಳೆಯಲಿಕ್ಕೆ ಮುಂಬೈಗೆ ಹೋಗಿತ್ತು. ನನಗೆ ಒದರುತ್ತಾರೆ, ಡಸ್ಟರ್ ಎಸೆಯುತ್ತಾರೆ ಎಂದು ಕಾದೆ. ಕೀಲಿಕೈ ಇಸಿದುಕೊಂಡರು, "ಕೊಟ್ಟೀಯಲ್ಲೋ," ಎಂದರು, ಅಷ್ಟೇ. ಗಂಗವ್ವ ಮಾತ್ರ ಎಲ್ಲರ ಮುಂದೆ ಕೇಳಿದಳು: "ನನ್ನ ದನಿ ಬೇಕು, ನಾ ಬ್ಯಾಡೇನ್ರಿ ಸರ?" ಮಾಸ್ತರು ಅವಳಿಗೆ ಹೇಳಿದರು, "ಹಾಡಬ್ಯಾಡ ನೀನು. ನಾ ಹೇಳತೇನಿ ಅವರಿಗೆ." ಅವಳು ತಲೆ ಅಲ್ಲಾಡಿಸಿದಳು. "ಹಾಡು ನಮ್ಮ ಆಯೀದ್ರೀ ಸರ. ಅದನ್ಯಾಕ ಬಿಡಲಿ?"

ಗ್ಯಾದರಿಂಗಿನ ದಿನ ಮಧ್ಯಾಹ್ನ ಹಾಲಿನ ಕಿಟಕಿಗಳಿಗೆಲ್ಲ ಕರಿ ಕಂಬಳಿ ಕಟ್ಟಿದರು. ರೀಲು ಅಂದೇ ಬೆಳಿಗ್ಗೆ ಅಂಚೆಯಲ್ಲಿ ಬಂದಿತ್ತು, ಪ್ರೊಜೆಕ್ಟರು ಬೆಳಗಾವಿಯ ಮಂದಿಯ ಜೊತೆ ಆಗತಾನೆ ಇಳಿದಿತ್ತು. ಇಮಾಮಸಾಬರು ರೀಲನ್ನು ಬೆಳಕಿಗೆ ಹಿಡಿದು, "ಅರ್ಧಾ ಪೂರಾ ಕರ್ರಗ ಬಂದೈತ್ರಿ, ಏನೂ ಇಲ್ಲ," ಎಂದರು. "ಆ ಹುಡುಗೀದು ಹಾಳಾಗೇತಿ. ಚೊಲೊ ಆತು, ಕತ್ತರಿಸೂದು ಉಳೀತು," ಎಂದು ಚೇರಮನ್ನರು ನಕ್ಕರು. ಬೆಳಕು ತಾಗದ ರೀಲು ಕರ್ರಗೆ ಬರುತ್ತದೆ; ಖಾಲಿ ಉಳಿದದ್ದು ಯಾವ ಮಗ್ಗುಲು ಎಂದು ನನಗೆ ಆ ಕ್ಷಣವೇ ಅನುಮಾನ ಬಂತು. ಹೇಳಬಹುದಾಗಿತ್ತು, ಇನ್ನೂ ಹೊತ್ತಿತ್ತು. ಹೇಳಲಿಲ್ಲ.

ಗಂಗವ್ವನನ್ನು ಬಿಳಿ ಪಡದೆಯ ಹಿಂದೆ ಕೂಡಿಸಿದ್ದರು, ಯಾರಿಗೂ ಕಾಣದ ಹಾಗೆ. ಹಾಡು ಸುರುವಾಯಿತು, ಚಿತ್ರ ಬಂತು. ಒಂದೇ ಬೀಸುಕಲ್ಲಿನ ಮೇಲೆ ನಾಲ್ಕು ಕೈ. ಎರಡು ಕೈ ಗಟ್ಟಿಯಾಗಿ ತಿರುಗಿಸುತ್ತಿವೆ, ಎರಡು ಕೈ ಅದರ ಮೇಲೆ ತೇಲುತ್ತಿವೆ. ಸುಜಾತಾಳ ಬೆಳ್ಳನೆಯ ಮುಖದೊಳಗಿಂದ ಗಂಗವ್ವನ ಮುಖ ಎದ್ದು ಬಂತು, ಎರಡು ಜೊತೆ ಕಣ್ಣು, ಎರಡು ಬಾಯಿ. ಹಾಡಿನ ಸುತ್ತಿಗೆ ಸರಿಯಾಗಿ ತಿರುಗುತ್ತಿದ್ದದ್ದು ಗಂಗವ್ವನ ಕಲ್ಲು ಮಾತ್ರ. "ದೆವ್ವ! ದೆವ್ವ!" ಎಂದು ಹುಡುಗರು ಕೂಗಿದರು, ಹಾಲಿಗೆ ಹಾಲೇ ನಕ್ಕಿತು. ಸುಜಾತಾ ಅಳುತ್ತ ಎದ್ದು ಹೋದಳು. ಅಷ್ಟರಲ್ಲಿ ಚಿತ್ರ ಮುಗಿದು ಪಡದೆ ಕಪ್ಪಾಯಿತು. ಹಾಡು ಇನ್ನೂ ಅರ್ಧ ಉಳಿದಿತ್ತು. ಅವಳು ನಿಲ್ಲಿಸಲಿಲ್ಲ. ಕತ್ತಲೆಯಲ್ಲಿ, ಪಡದೆಯ ಹಿಂದೆ ಕೂತು, ಕಲ್ಲಿಗೆ ಬೈಯುವ ಸಾಲುಗಳನ್ನೆಲ್ಲ ಒಂದೂ ಬಿಡದೆ ಹಾಡಿ ಮುಗಿಸಿದಳು. ನಗುವವರು ಒಬ್ಬೊಬ್ಬರಾಗಿ ಸುಮ್ಮನಾದರು.

ಆಮೇಲೆ ಚೇರಮನ್ನರ ಕೋಣೆಯಲ್ಲಿ ನಾವು ಮೂವರು.

"ಬೇಕಂತನ ಮಾಡೀರಿ ಮಾಸ್ತರ. ಸಿಟ್ಟಿಲೆ ರೀಲು ಕೆಡಿಸಿ ಇಟ್ಟಿದ್ರಿ, ನನ್ನ ಮಗಳ ಮಾರಿ ಊರ ಮುಂದ ನಗಸಾಟ್ಲೆ ಮಾಡಿದ್ರಿ."

"ನಾ ತಗದದ್ದು ಸರಿ ತಗದೇನಿ. ಆಮ್ಯಾಲೆ ಕ್ಯಾಮರಾ ಮುಟ್ಟಿಲ್ಲ."

"ಹಂಗಾರ ಯಾರು ಕೆಡಿಸಿದ್ರು?"

ಮೇಜಿನ ಮೇಲೆ ನನ್ನ ಚೊಕ್ಕ ಹಾಳೆಗಳಿದ್ದವು. ಮಾಸ್ತರು ಒಂದೊಂದಾಗಿ ನೋಡುತ್ತ ಬಂದು ಹನ್ನೆರಡನೆಯ ಚೌಕದ ಕೆಳಗೆ ಬೆರಳಿಟ್ಟರು. ಅಲ್ಲಿ ಬರೀ ಬಿಳಿ ಕಾಗದ. ಬೆರಳು ಅಲ್ಲೇ ನಿಂತಿತು. ಅವರಿಗೆ ಎಲ್ಲ ತಿಳಿಯಿತು. ತಲೆ ಎತ್ತಿ ನನ್ನನ್ನು ನೋಡಿದರು.

ಕಾದರು. ನಾನು ಹೇಳಲೆಂದು ಕಾದರು, ದೇವರಾಣೆ. ಒಂಬತ್ತು ವರ್ಷ ಎಲ್ಲರ ಮೇಲೂ ಒದರಿದ ಮನುಷ್ಯ ಅಂದು ಒಂದು ಮಾತೂ ಆಡದೆ ನನ್ನ ಬಾಯಿಯನ್ನೇ ನೋಡುತ್ತ ನಿಂತರು. ನಾನು ನೆಲ ನೋಡಿದೆ. ನನಗೆ ಧಾರವಾಡ ಬೇಕಾಗಿತ್ತು. ಒಂದು ಮಾತು, 'ನಾನು ಮಗುಚಿದೆ' ಎಂಬ ಒಂದೇ ಮಾತು ಆಡಿದ್ದರೆ ಅವರ ನೌಕರಿ ಉಳಿಯುತ್ತಿತ್ತೆಂದು ನಾನು ನಂಬಿದ್ದೆ. ನಂಬಿದ್ದೂ ಸುಮ್ಮನಿದ್ದೆ. ಹೇಡಿ ಎನ್ನುವುದಕ್ಕಿಂತ ಹೊಲಸು ಶಬ್ದ ನನಗೆ ಗೊತ್ತಿದೆ, ಇಲ್ಲಿ ಬರೆಯುವುದಿಲ್ಲ.

ಮರುವಾರ ಅವರನ್ನು ತೆಗೆದರು. ನಾನು ಧಾರವಾಡಕ್ಕೆ ಹೋದೆ. ಸೀಟು, ಹಾಸ್ಟೆಲು, ಎಲ್ಲ ಹೇಳಿದ ಹಾಗೆಯೇ ಸಿಕ್ಕಿತು. ಕಲಿತು ಬಂದ ಮೇಲೆ ಅದೇ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರನಾದೆ, ಬಂದ ದಿನದಿಂದಲೇ ಕಾಯಂ.

ಅವರು ರಾಮದುರ್ಗದಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದರು. ಸವದತ್ತಿಯಿಂದ ಕಟಕೋಳದವರೆಗೆ ಕೆಲಸ ಸಿಕ್ಕಲ್ಲಿ ಸೈಕಲ್ ಮೇಲೆ ಹೋಗುತ್ತಿದ್ದರಂತೆ. ಗಂಗವ್ವ ಕಟಕೋಳದ ಶಾಲೆಯಲ್ಲಿ ಕಲಿಸುತ್ತಾಳೆಂದು, ಆ ಕಡೆ ಹೋದಾಗ ಅವಳ ಮನೆಯಲ್ಲೇ ಊಟ ಮಾಡುತ್ತಾರೆಂದು ಯಾರೋ ಹೇಳಿದ್ದರು. ನಾನು ಹೋಗಿ ಕಂಡದ್ದು ಒಂದೇ ಸಲ, ಹೋದ ವರ್ಷ. ಅರಿವೆ ಅಂಗಡಿಯ ಮುಂದೆ ನಿಚ್ಚಣಿಕೆಯ ಮೇಲೆ ನಿಂತಿದ್ದರು, ಕೂದಲೆಲ್ಲ ಹಣ್ಣಾಗಿತ್ತು. ಕೆಳಗೆ ನಿಂತು ಅಂದೆ, "ಸರ್, ತಪ್ಪಾತ್ರಿ ನನ್ನಿಂದ. ರೀಲು ಹೊಳ್ಳಿಸಿ ಹಾಕಿದಾಂವ ನಾನರೀ."

ಅವರು ತಿರುಗಿ ನೋಡಿದರು. ಆಗ ಬಂತು ಆ ಹಳೆಯ ಸಿಟ್ಟು, ಬೀದಿಗೆ ಬೀದಿಯೇ ತಿರುಗಿ ನೋಡುವ ಹಾಗೆ.

"ಏ ಖೋಡಿ! ನನಗ್ಯಾಕ ಹೇಳ್ಲಿಕ್ಕೆ ಬಂದೀ? ನನಗೇನು ಗೊತ್ತಿಲ್ಲೇನು? ಗೊತ್ತಿಲ್ದಾವರಿಗೆ ಹೋಗಿ ಹೇಳು! ಅಷ್ಟ ದೂರದಿಂದ ಬಸ್ಸು ಹತ್ತಿ ಬಂದೀಯಲ್ಲ, ಚೇರಮನ್ನನ ಮನಿ ನಿಮ್ಮ ಓಣ್ಯಾಗನ ಅದ!"

ಕೈಯಲ್ಲಿದ್ದ ಕುಂಚ ಎಸೆದರು. ಈ ಸಲ ತಗುಲಿತು, ಅಂಗಿಯ ಮೇಲೆ. ತಿರುಗಿ ಬಸ್ಸು ಹತ್ತಿದೆ. ಚೇರಮನ್ನರ ಮನೆಗೆ ಹೋಗಲಿಲ್ಲ. ಇಂದು ನಾಳೆ ಎನ್ನುತ್ತ ವರ್ಷ ಕಳೆದೆ. ಅಷ್ಟರಲ್ಲಿ ಅವರೇ ಹೋಗಿಬಿಟ್ಟರು.

ಶನಿವಾರ ಸಭೆ ಸೇರಿತು. ಮಕ್ಕಳು ಸಾಲಾಗಿ ಕೂತಿದ್ದರು, ಮೇಲೆ ಕುರ್ಚಿಗಳಲ್ಲಿ ನಾವು ಮಾಸ್ತರುಗಳು, ನಡುವೆ ಚೇರಮನ್ನರು. ಹೆಡ್‌ಮಾಸ್ತರು ನಾನು ಬರೆದುಕೊಟ್ಟ ಅರ್ಧ ಪುಟ ಓದಿದರು. ಚೇರಮನ್ನರು ಎದ್ದು, ಸಂಸ್ಥೆಗೂ ಆ ಕಲಾವಿದರಿಗೂ ಇದ್ದ ಸಂಬಂಧ ತಂದೆ ಮಗನ ಸಂಬಂಧ, ಯಾವುದೋ ಸಣ್ಣ ತಪ್ಪಿನಿಂದ ಅವರು ನಮ್ಮನ್ನು ಅಗಲಬೇಕಾಯಿತು, ಆ ತಪ್ಪನ್ನು ನಾವು ಎಂದೋ ಕ್ಷಮಿಸಿದ್ದೇವೆ ಎಂದರು. ಕ್ಷಮಿಸಿದ್ದಾರಂತೆ! ಸತ್ತವರನ್ನು! ಯಾವಾಗ ಎದ್ದು ನಿಂತೆನೋ ನನಗೇ ಗೊತ್ತಿಲ್ಲ.

"ತಪ್ಪು ಅವರದಲ್ರಿ," ಎಂದೆ. "ಆ ರೀಲು ಕೆಡಿಸಿದಾಂವ ನಾನು. ಅವರು ಹೊಳ್ಳಿಸಿದ್ದನ್ನ ನಾ ತಿಳೀಲಾರದ ಮತ್ತ ಹೊಳ್ಳಿಸಿದ್ನಿ. ಅವತ್ತ ನಿಮ್ಮ ಕೋಣ್ಯಾಗ ಸುಮ್ಮನ ನಿಂತೆ. ನೌಕರಿ ಹೋಗಬೇಕಾದದ್ದು ಅವರದಲ್ಲ."

ಚೇರಮನ್ನರ ಮುಖದಲ್ಲಿ ಏನೂ ಬದಲಾಗಲಿಲ್ಲ. ಸಿಟ್ಟೂ ಇಲ್ಲ, ಆಶ್ಚರ್ಯವೂ ಇಲ್ಲ. ಹೆಗಲ ಮೇಲಿನ ವಲ್ಲಿ ಸರಿಪಡಿಸಿಕೊಂಡರು.

"ಗೊತ್ತೈತ್ರಿ," ಎಂದರು. "ಅವತ್ತ ಮನೀಗೆ ಹೋದಕೂಡ್ಲೆ ಸುಜಾತಾ ಹೇಳಿದ್ಲು, ನೀವು ಕ್ಯಾಮರಾ ತಗದು ಹೊಳ್ಳಿಸಿದ್ದು. ಅಂವಾ ಹೆಂಗೂ ಹೋಗಾಂವನ ಇದ್ದ. ನೀವು ಅಷ್ಟೊತ್ತು ನಿಂತರೂ ಬಾಯಿ ಬಿಡಲಿಲ್ಲ ನೋಡ್ರಿ, ಅವತ್ತ ನಾ ಅಂದ್ಕೊಂಡೆ, ನಮ್ಮ ಸಂಸ್ಥಾಕ್ಕ ಬೇಕಾದ ಮಾಸ್ತರ ಇಂವಾ ಅಂತ. ಕೂಡ್ರಿ, ಕೂಡ್ರಿ. ಮಕ್ಕಳು ನೋಡಾಕತ್ತಾರ."

ಮಕ್ಕಳು ನೋಡುತ್ತಿದ್ದರು. ನಾನು ಕೂತೆ.